ಬೀಸಿದವಳು ಬೇರೆ

ಗುರಮ್ಮ ಸ್ವಾರ್ಥಿ. ಸ್ವಾರ್ಥಿ ಎಂದರೆ ಸಣ್ಣ ಮಾತಾಯಿತು. ತನ್ನ ಒಂದು ತಾಸಿನ ಓದಿಗಾಗಿ ಇನ್ನೊಬ್ಬಳ ಬೆನ್ನು ಹರಿಯುವುದನ್ನು ಸುಮ್ಮನೆ ಕೂತು ನೋಡಿದವಳು ಅವಳು.

ಆಳಂದದಲ್ಲಿ ಅವಳ ಹೆಸರು ಈಗ ಬೇರೆ ಬಗೆಯಲ್ಲಿ ಬಳಕೆಯಲ್ಲಿದೆ. ಓದಲು ಹೊತ್ತು ಸಿಗುವುದಿಲ್ಲ ಎಂದು ಯಾವ ಹುಡುಗಿ ಗೊಣಗಿದರೂ ಹಿರಿಯರು ಗುರಮ್ಮನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ನಿಜಾಮನ ಕಾಲದಲ್ಲಿ, ಅತ್ತೆಯ, ಗಂಡನ ಹೊಡೆತದ ನಡುವೆ, ಬೀಸುಕಲ್ಲು ತಿರುವುತ್ತಲೇ ಪುಸ್ತಕ ಓದಿದ ಮಹಾತಾಯಿ. ಮನಸ್ಸಿದ್ದರೆ ಹೊತ್ತು ತಾನಾಗಿ ಸಿಗುತ್ತದೆ, ನೋಡು. ಈ ಮಾತನ್ನು ಶಾಲೆಯ ಸಭೆಗಳಲ್ಲಿಯೂ ಕೇಳಿದ್ದೇನೆ. ಹೊತ್ತು ತಾನಾಗಿ ಸಿಗುವುದಿಲ್ಲ. ಯಾರದೋ ಕೈಯಿಂದ ಕಿತ್ತುಕೊಂಡರೆ ಸಿಗುತ್ತದೆ. ಒಂದು ಕೈಯಲ್ಲಿ ಬೀಸುತ್ತ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿಯಲು ಬರುವುದಿಲ್ಲ ಎಂಬುದು ಒಮ್ಮೆ ಬೀಸಿದವರಿಗೂ ಗೊತ್ತಿರುತ್ತದೆ. ಗುರಮ್ಮ ಓದಿದ್ದು ನಿಜ. ಬೀಸಿದವಳು ಬೇರೆ. ಅವಳ ಹೆಸರು ಸಾಬವ್ವ. ಇಲ್ಲಿರುವುದರಲ್ಲಿ ಬಹುಪಾಲು ಸಾಬವ್ವನೇ ತನ್ನ ಮುಪ್ಪಿನಲ್ಲಿ ಹೇಳಿದ್ದು. ಗುರಮ್ಮನ ಮುಂದೆ ಅದನ್ನು ಇಟ್ಟಾಗ ಅವಳು ಯಾವುದನ್ನೂ ಅಲ್ಲಗಳೆಯಲಿಲ್ಲ.

ಗುರಮ್ಮನ ತಂದೆ ಹಣಮಂತ್ರಾಯ ಸೊಲ್ಲಾಪುರದಿಂದ ಬಟ್ಟೆಯ ಗಂಟುಗಳನ್ನು ಚಕ್ಕಡಿಯಲ್ಲಿ ತಂದು ಆಳಂದ ಪೇಟೆಯ ಅಂಗಡಿಗಳಿಗೆ ಹಾಕುತ್ತಿದ್ದ. ಆಗ ಸರಕಾರಿ ಶಾಲೆಯಲ್ಲಿ ಉರ್ದು. ಕನ್ನಡ ಬೇಕೆಂದರೆ ಮಠದ ಅಯ್ಯನವರು ನಡೆಸುವ ಗಾವಠಿ ಶಾಲೆ, ಅಲ್ಲಿ ಹುಡುಗಿಯರನ್ನು ಕೂಡಿಸುತ್ತಿರಲಿಲ್ಲ. ಹಣಮಂತ್ರಾಯ ತಾನೇ ಮಗಳ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸಿದ. ಮಗಳು ಬೇಗ ಕಲಿತಳು, ಕಲಿತದ್ದು ಚಟವಾಯಿತು. ನಿಜಾಮನ ಗಡಿಯಾಚೆಯಿಂದ ಬಟ್ಟೆಯ ಗಂಟಿನ ನಡುವೆ ಹಳೆಯ ಕನ್ನಡ ಪುಸ್ತಕಗಳು ಬರುತ್ತಿದ್ದವು: ಮುಖಪುಟ ಹರಿದ ಕಾದಂಬರಿ, ಹೋದ ವರ್ಷದ ಪಂಚಾಂಗ, ದನಗಳ ಕಾಲುಬೇನೆಯ ಬಗ್ಗೆ ಯಾರೋ ಬರೆದ ತೆಳ್ಳನೆಯ ಪುಸ್ತಿಕೆ. ಗುರಮ್ಮನಿಗೆ ಯಾವುದಾದರೂ ಆದೀತು. ತಂಬಾಕಿಗೆ ಸಿಕ್ಕಿಬಿದ್ದವನು ಯಾವ ಊರ ತಂಬಾಕು ಎಂದು ಕೇಳುವುದಿಲ್ಲ.

ಸಾವಿರದ ಒಂಬೈನೂರ ಮೂವತ್ತೊಂಬತ್ತರ ಸುಮಾರಿಗೆ ಅವಳನ್ನು ಮಾದನಹಿಪ್ಪರಗಾದ ಧರ್ಮಣ್ಣನಿಗೆ ಕೊಟ್ಟರು. ಹೊಲವಿದ್ದ ಮನೆ. ಆದರೆ ಆ ಮನೆಯಲ್ಲಿ ಮಾತಿಗಿಂತ ಕೈ ಮುಂದು. ಅತ್ತೆ ನಿಂಬೆವ್ವನ ಗಂಡನನ್ನು ಬದುವಿನ ಜಗಳದಲ್ಲಿ ಕೊಡಲಿಯಿಂದ ಕಡಿದಿದ್ದರು. ಹೆಣ ಮನೆಗೆ ಬರುವ ಮೊದಲೇ ಆಕೆ ಕುಡಗೋಲು ಹಿಡಿದು ಹೋಗಿ, ಕಡಿದವನ ಎರಡೂ ಎತ್ತುಗಳ ಹಿಂಗಾಲಿನ ನರ ಕೊಯ್ದು ಬಂದಿದ್ದಳು. ಆ ಮೇಲೆ ಆ ಬದುವಿನ ತಂಟೆಗೆ ಯಾರೂ ಬರಲಿಲ್ಲ. ಗಂಡುಮಕ್ಕಳಿಬ್ಬರನ್ನೂ ಆಕೆ ಅದೇ ರೀತಿಯಲ್ಲಿ ಬೆಳೆಸಿದಳು. ಹಿರಿಯ ಧರ್ಮಣ್ಣ ಸಿಟ್ಟಿಲ್ಲದೆ ಹೊಡೆಯುತ್ತಿದ್ದ, ಹಗ್ಗ ಹೊಸೆಯುವಷ್ಟು ಸಮಾಧಾನದಿಂದ. ಕಿರಿಯ ಬೀರಣ್ಣನಿಗೆ ಸಿಟ್ಟು ಬಂದರೆ ಎದುರಿಗಿರುವುದು ಎತ್ತೋ ಮನುಷ್ಯನೋ ಗೊತ್ತಾಗುತ್ತಿರಲಿಲ್ಲ; ಹವಳಗಾ ಊರಿನವನೊಬ್ಬನ ದವಡೆ ಮುರಿದು ಅಫಜಲಪುರದ ಠಾಣೆಯಲ್ಲಿ ಕೆಲವು ದಿನ ಕೂತು ಬಂದಿದ್ದ.

ಮೊದಲ ವರ್ಷ ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಗುರಮ್ಮನನ್ನು ಹಕ್ಕಿ ಕಾಯಲು ಕಳಿಸಿದರು. ಹೊಲದ ನಡುವೆ ಎತ್ತರಕ್ಕೆ ಕಟ್ಟಿದ ಮಂಚಿಕೆಯ ಮೇಲೆ ನಿಂತು ಕವಣೆ ಬೀಸುತ್ತ ಕೂಗಬೇಕು. ಇಡೀ ದಿನ ಒಬ್ಬಳೇ, ಮೇಲೆ ಬೆಳಕು, ಯಾರ ಕಾಟವೂ ಇಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎಂದು ಅವಳು ಸೀರೆಯ ಗಂಟಿನಿಂದ ಪುಸ್ತಕ ತೆಗೆದಳು. ಗಿಳಿಗಳ ಹಿಂಡು ಹೊಲದ ಒಂದು ಮಗ್ಗುಲನ್ನು ಬರಿದು ಮಾಡಿ ಎದ್ದು ಹೋಯಿತು. ಧರ್ಮಣ್ಣ ಬಂದು ನೋಡಿದ. ಮಂಚಿಕೆಯ ಕೆಳಗೆ ನಿಂತು ಅವಳ ಕಾಲು ಹಿಡಿದು ಎಳೆದು ಕೆಡವಿದ. ಕವಣೆಯ ಹಗ್ಗವನ್ನು ಮಡಿಕೆ ಮಾಡಿ, ಅವಳು ಏಳಲು ನೋಡಿದಾಗಲೆಲ್ಲ ಬಾರಿಸಿದ. ಸಂಜೆ ನಿಂಬೆವ್ವ ಆ ಪುಸ್ತಕವನ್ನು ಬಚ್ಚಲ ಒಲೆಯ ಮುಂದೆ ಕೂತು ಹಾಳೆ ಹಾಳೆಯಾಗಿ ಹರಿದು ಉರಿಗೆ ಹಾಕಿದಳು.

"ಏನ್ ಬರದಾರ ಇದರಾಗ? ಗಿಳಿ ಹೊಡಿಯೋದು ಹ್ಯಾಂಗಂತ ಬರದಾರೇನು?"

"ಇಲ್ರಿ ಅತ್ತಿ."

"ಕೂಳು ಕುದಿಸೋದು?"

"ಇಲ್ರಿ."

"ಮತ್ತ ಏನಕ್ಕ ಬೇಕು ಇದು? ಕೇಳಿಲ್ಲೆ. ಇನ್ನೊಮ್ಮಿ ಈ ಮನ್ಯಾಗ ನೀ ಹಾಳಿ ಹಿಡದದ್ದು ಕಂಡ್ರ ಕಣ್ಣು ಕೀಳ್ತೇನಿ. ನಿನ್ನ ಗಂಡನ ಕೈಲೆ ಅಲ್ಲ, ನನ್ನ ಕೈಲೆ."

ಎತ್ತುಗಳ ಸುದ್ದಿ ಗೊತ್ತಿದ್ದ ಯಾರೂ ಇದನ್ನು ಬರಿ ಮಾತೆಂದು ತಿಳಿಯುತ್ತಿರಲಿಲ್ಲ. ಗುರಮ್ಮನೂ ತಿಳಿಯಲಿಲ್ಲ. ಆದರೂ ಮರುವರ್ಷ ಪಂಚಮಿಗೆ ತವರಿಗೆ ಹೋದವಳು ಬರುವಾಗ ಕುಬಸದ ಗಂಟಿನಲ್ಲಿ ಇನ್ನೊಂದು ಪುಸ್ತಕ ತಂದಳು. ತಂದದ್ದಾಯಿತು, ಓದುವುದು ಯಾವಾಗ? ಹಗಲು ಹೊಲ, ಹೊಲದಲ್ಲಿ ನಾಲ್ಕು ಜನರ ಕಣ್ಣು. ಸಂಜೆ ಉಂಡ ಕೂಡಲೇ ದೀಪ ಆರುತ್ತಿತ್ತು. ಯುದ್ಧ ಶುರುವಾದ ಮೇಲೆ ಚಿಮಣಿ ಎಣ್ಣೆ ಸಿಗುವುದೇ ಕಷ್ಟವಾಗಿತ್ತು. ಆ ಮನೆಯಲ್ಲಿ ಹೆಂಗಸರಿಗೆಂದು ದೀಪ ಉರಿಯುತ್ತಿದ್ದುದು ಒಂದೇ ಹೊತ್ತು, ನಸುಕಿನಲ್ಲಿ ಬೀಸುವಾಗ. ಬೀಸುವ ಕೋಣೆಗೆ ಗಂಡಸರು ಬರುತ್ತಿರಲಿಲ್ಲ. ಬೆಳಕೂ ಇತ್ತು, ಮರೆಯೂ ಇತ್ತು. ಕೈಗೆ ಮಾತ್ರ ಬಿಡುವಿರಲಿಲ್ಲ.

ಬೀಸುಕಲ್ಲಿನ ಸಪ್ಪಳವೇ ಅಲ್ಲಿ ಸೊಸೆಯರ ಕಾವಲು. ನಿಂಬೆವ್ವ ಪಡಸಾಲೆಯಲ್ಲಿ ಮಲಗಿದಲ್ಲೇ ಅದನ್ನು ಕೇಳುತ್ತಿದ್ದಳು. ಕಲ್ಲು ನಿಂತರೆ ಆಕೆ ಏಳುತ್ತಿದ್ದಳು, ಆಕೆ ಎದ್ದರೆ ಕೈಯಲ್ಲಿ ಏನಾದರೂ ಇರುತ್ತಿತ್ತು. ಎರಡು ವರ್ಷ ಗುರಮ್ಮ ದೀಪದ ಎದುರು ಕೂತು ಬೀಸಿದಳು, ಪುಸ್ತಕ ಪಕ್ಕದ ಜೋಳದ ಬುಟ್ಟಿಯ ತಳದಲ್ಲಿ ಇತ್ತು.

ನಲವತ್ತೆರಡರಲ್ಲಿ ಬೀರಣ್ಣನಿಗೆ ಮದುವೆಯಾಯಿತು. ಸಾಬವ್ವ ಜೇವರ್ಗಿ ಕಡೆಯ ಹಳ್ಳಿಯವಳು. ತಾಯಿ ತಂದೆ ಇರಲಿಲ್ಲ. ಸೋದರಮಾವ ಕೊಟ್ಟು ಕೈ ತೊಳೆದುಕೊಂಡಿದ್ದ. ಅಷ್ಟು ದೂರದಿಂದ ಅವಳನ್ನು ಯಾರೂ ನೋಡಲು ಬರುವುದಿಲ್ಲ ಎಂದು ನಿಂಬೆವ್ವನಿಗೂ ಗೊತ್ತಿತ್ತು, ಗುರಮ್ಮನಿಗೂ ಗೊತ್ತಿತ್ತು. ಹುಡುಗಿಯ ತೋಳು ಮಾತ್ರ ಗಟ್ಟಿ. ಕಲ್ಲಿನ ಎದುರು ಬದುರು ಇಬ್ಬರೂ ಕೂತು ಒಂದೇ ಗೂಟ ಹಿಡಿದು ತಿರುವುವುದು ಪದ್ಧತಿ. ಮೊದಲ ದಿನವೇ ಗುರಮ್ಮ ತನ್ನ ಕೈ ಸಡಿಲು ಬಿಟ್ಟು ನೋಡಿದಳು. ಕಲ್ಲು ನಿಲ್ಲಲಿಲ್ಲ.

"ಒಬ್ಬಾಕೀನೇ ತಿರುವತೀ ಏನ್?" ಎಂದು ಕೇಳಿದಳು.

"ತಿರುವತೇನಿ ಯಕ್ಕಾ. ಯಾಕ?"

"ನೀ ತಿರುವು. ನಿನ್ನ ಪಾಲಿನ ನೀರು ನಾ ತರ್ತೇನಿ, ಎಮ್ಮಿ ಸೆಗಣಿ ನಾ ಬಳೀತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

ಹುಡುಗಿಗೆ ಇದು ಲಾಭದ ಮಾತೆನಿಸಿತು. ಹಾಡುತ್ತ ತಿರುವಿದರೆ ಕೈ ನೋವು ಗೊತ್ತಾಗುವುದಿಲ್ಲ ಎಂದು ಹಾಡಿಗೆ ತೊಡಗಿದಳು. ಜೇವರ್ಗಿ ಕಡೆಯ ಬೀಸುವ ಹಾಡುಗಳು ಅವಳಿಗೆ ಬಹಳ ಬರುತ್ತಿದ್ದವು. ತವರಿನಿಂದ ತಂದದ್ದೆಂದರೆ ಅಷ್ಟೇ. ಗುರಮ್ಮ ಪುಸ್ತಕದಿಂದ ತಲೆ ಎತ್ತಿದಳು.

"ಹಾಡು ನಿಲ್ಲಸು. ಅಕ್ಷರ ತಪ್ತಾವ ನನಗ."

ಸಾಬವ್ವ ನಿಲ್ಲಿಸಿದಳು. ಮುಂದೆ ಅವಳು ಆ ಮನೆಯಲ್ಲಿ ಹಾಡಲೇ ಇಲ್ಲ. ಎರಡನೆಯ ವಾರ ನಿಂಬೆವ್ವ ಕೇಳಿದಳು: "ಏ ಸಾಬಿ, ಹಾಡು ಬರಂಗಿಲ್ಲೇನ್ ನಿನಗ? ಮೂಕ ಸೊಸಿ ತಂದೀವೇನ್ ನಾವು?" ಸಾಬವ್ವ, "ಗಂಟಲ ಕಟ್ಟ್ಯಾದ್ರಿ" ಎಂದಳು. ಗುರಮ್ಮ ಪಕ್ಕದಲ್ಲೇ ಇದ್ದಳು.

ಪುಸ್ತಕದಲ್ಲಿ ಏನಿದೆ ಎಂಬ ಆಸೆ ಸಾಬವ್ವನಿಗೂ ಇತ್ತು. ಒಮ್ಮೆ ಗುರಮ್ಮ ಓದುತ್ತ ಓದುತ್ತ ತುಟಿ ಬಿಗಿದು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ಸಾಬವ್ವ ಕಂಡದ್ದು ಅದೇ ಮೊದಲು.

"ಏನಾತು ಯಕ್ಕಾ? ಜರಾ ನನಗೂ ಹೇಳು."

"ಹೇಳಕೋತ ಕುಂತ್ರ ಓದೋದು ಯಾವಾಗ? ತಿರುವು."

ಒಪ್ಪಂದ ಮಳೆಗಾಲದವರೆಗೆ ನಡೆಯಿತು. ಆ ಮೇಲೆ ಗುರಮ್ಮನಿಗೆ ಸೊಂಟ ನೋವು ಬಂದು ನೀರು ತರುವುದು ಸಾಬವ್ವನ ಪಾಲಿಗೆ ಮರಳಿತು. ಸೆಗಣಿಯೂ ಅದರ ಹಿಂದೆಯೇ ಮರಳಿತು. ಬೀಸುವುದು ಮಾತ್ರ ಮರಳಲಿಲ್ಲ. ಹಿರಿಯ ಸೊಸೆಯ ಮಾತಿಗೆ ಕಿರಿಯಳು ಎದುರಾಡುವ ಮನೆ ಅದಲ್ಲ.

ಅಷ್ಟಕ್ಕೂ ಗುರಮ್ಮನಿಗೆ ಹೊತ್ತು ಸಾಲಲಿಲ್ಲ. ಜೋಳ ಮುಗಿಯುವ ಹೊತ್ತಿಗೆ ಕತೆ ನಡುವೆಯೇ ನಿಲ್ಲುತ್ತಿತ್ತು. ಆಗ ಅವಳು ಆ ಕಡೆಯ ಯಾವ ಹೆಂಗಸೂ ಮಾಡದ ಕೆಲಸ ಮಾಡಿಸಿದಳು. ನಿಂಬೆವ್ವ ಎದ್ದು ಎಮ್ಮೆ ಹಿಂಡಲು ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿಗೆ ಕಲ್ಲಿನ ಗುಡುಗು ಮಾತ್ರ ಕೇಳುತ್ತದೆ, ಒಳಗೆ ಕಾಳು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಅಷ್ಟು ಹೊತ್ತು ಬರಿಗಲ್ಲು ತಿರುವು ಎಂದು ಗುರಮ್ಮ ಸಾಬವ್ವನಿಗೆ ಹೇಳಿದಳು.

ಸಾಬವ್ವ ಗೂಟದಿಂದ ಕೈ ತೆಗೆದಳು. "ಯಕ್ಕಾ, ಅದೊಂದು ಬ್ಯಾಡ. ಬರಿಗಲ್ಲು ತಿರುವಿದ್ರ ಮನ್ಯಾಗ ಹೆಣ ಬೀಳ್ತದ ಅಂತಾರ."

"ಯಾವ ಪುಸ್ತಕದಾಗ ಬರದಾರ ಹಂಗ? ನಾ ಎಷ್ಟ ಓದೀನಿ, ಎಲ್ಲೀ ಕಂಡಿಲ್ಲ. ತಿರುವು ಸುಮ್ನ."

ಪುಸ್ತಕದಲ್ಲಿ ಇಲ್ಲದ್ದು ಸುಳ್ಳು ಎಂದು ತಿಳಿಯುವುದು ಅರೆ ಓದಿನ ರೋಗ. ಹೆಣದ ಮಾತು ಹಾಗಿರಲಿ. ಬರಿಗಲ್ಲು ತಿರುವಿದರೆ ಕಲ್ಲಿಗೆ ಕಲ್ಲು ತಿಕ್ಕಿ ಪುಡಿ ಉದುರುತ್ತದೆ, ಆ ಪುಡಿ ಹಿಟ್ಟಿನಲ್ಲಿ ಬೆರೆಯುತ್ತದೆ. ಅದನ್ನು ತಪ್ಪಿಸಲೆಂದೇ ಹಿಂದಿನವರು ಹೆದರಿಕೆಯ ಮಾತು ಕಟ್ಟಿದ್ದಿರಬೇಕು. ಗುರಮ್ಮ ಅಷ್ಟು ದೂರ ಯೋಚಿಸಲಿಲ್ಲ. ಕತೆಯ ಮುಂದಿನ ಹಾಳೆಯಷ್ಟೇ ಅವಳ ಕಣ್ಣ ಮುಂದೆ ಇತ್ತು.

ಒಂದು ಮುಂಜಾನೆ ಬೀರಣ್ಣ ರೊಟ್ಟಿ ಕಚ್ಚಿದ, ಹಲ್ಲಿನಲ್ಲಿ ಕರಕರ ಎಂದಿತು. ಉಗುಳಿದ. ಇನ್ನೊಂದು ತುತ್ತು ಕಚ್ಚಿದ, ಹಲ್ಲಿನ ಚೂರು ಮುರಿದು ಅಂಗೈಗೆ ಬಂತು.

"ಯಾರ ಬೀಸ್ಯಾರ ಈ ಹಿಟ್ಟು?"

ಆ ಮನೆಯಲ್ಲಿ ರೊಟ್ಟಿ ಬಡಿಯುವುದು ಹಿರಿಯಳ ಕೆಲಸ, ಹಿಟ್ಟಿನ ಹೊಣೆ ಕಿರಿಯಳದ್ದು. ಸಾಬವ್ವ ನೀರಿನ ಕೊಡ ಇಳಿಸುತ್ತಿದ್ದಳು. ಬೀರಣ್ಣ ಗೋಡೆಗೆ ಒರಗಿಸಿದ್ದ ಬಾರುಕೋಲು ತೆಗೆದುಕೊಂಡ. ಎತ್ತಿಗೆ ಹೊಡೆಯುವ ಬಾರು ಅದು. ಮೊದಲ ಏಟಿಗೆ ಕುಬಸ ಹರಿಯಿತು, ಆಮೇಲಿನವು ಚರ್ಮಕ್ಕೆ ಬಿದ್ದವು. ಸಾಬವ್ವ ಒಲೆಯ ಕಡೆ ತೆವಳಿ ಬಂದು ಗುರಮ್ಮನ ಸೀರೆಯ ಸೆರಗು ಹಿಡಿದಳು. ಗುರಮ್ಮ ಸೆರಗು ಬಿಡಿಸಿಕೊಂಡಳು, ಯಾಕೆಂದರೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವಳು ರೊಟ್ಟಿ ಬಡಿಯುವ ಸಪ್ಪಳ ಆ ಹೊತ್ತಿನಲ್ಲಿ ಒಮ್ಮೆಯೂ ನಿಲ್ಲಲಿಲ್ಲ ಎಂದು ಸಾಬವ್ವ ಹೇಳಿದಳು. ಏಟಿನ ಸಪ್ಪಳ ಯಾವುದು, ರೊಟ್ಟಿಯ ಸಪ್ಪಳ ಯಾವುದು ಎಂದು ಕೊನೆ ಕೊನೆಗೆ ತನಗೆ ತಿಳಿಯದಾಯಿತು ಎಂದಳು.

ಮರುದಿನ ನಸುಕಿನಲ್ಲಿ ಕಲ್ಲಿನ ಮುಂದೆ ಕೂತಾಗ ಅವಳು ಕೇಳಿದ್ದು ಒಂದೇ ಮಾತು. "ಯಕ್ಕಾ, ಆಕೀದು ತಪ್ಪಲ್ಲ ಅಂತ ನೀ ಒಂದ ಮಾತು ಅನಬಾರದಿತ್ತೇನು?"

"ಅಂದಿದ್ರ ಇಬ್ಬರಿಗೂ ಬೀಳ್ತಿತ್ತು. ಈಗ ಒಬ್ಬಾಕಿಗೇ ಬಿತ್ತು. ಯಾವದು ಚಲೋ?"

ಲೆಕ್ಕ ತಪ್ಪಲ್ಲ. ಇಂಥ ತಪ್ಪಿಲ್ಲದ ಲೆಕ್ಕ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಗುರಮ್ಮ ಅಂದಿನಿಂದ ಬರಿಗಲ್ಲು ತಿರುವಿಸಿದ ಮೇಲೆ ಕಲ್ಲಿನ ಸುತ್ತ ಗುಡಿಸಿ, ಮರುದಿನದ ಮೊದಲ ಹಿಡಿ ಹಿಟ್ಟನ್ನು ಎಮ್ಮೆಯ ಬಾನಿಗೆ ಹಾಕತೊಡಗಿದಳು. ರೊಟ್ಟಿಯಲ್ಲಿ ಕರಕರ ನಿಂತಿತು. ಓದು ಮುಂದುವರಿಯಿತು.

ನಿಂಬೆವ್ವ ಆಗಾಗ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗುತ್ತಿದ್ದಳು. ಚಕ್ಕಡಿ ಹೂಡಿಕೊಂಡು ಧರ್ಮಣ್ಣ ಜೊತೆಗೆ ಹೋಗುತ್ತಿದ್ದ. ಅವರು ಮರಳುವವರೆಗೆ ಗುರಮ್ಮನಿಗೆ ಹಬ್ಬ. ಮನೆಯಲ್ಲಿ ಬೀರಣ್ಣ ಇದ್ದರೂ ಗಂಡಸಿನ ಕಿವಿಗೆ ತುಂಬಿದ ಕಲ್ಲು, ಬರಿಗಲ್ಲು ಎರಡೂ ಒಂದೇ, ಸಪ್ಪಳ ಇದ್ದರಾಯಿತು. ನಲವತ್ನಾಲ್ಕರ ಒಂದು ಹುಣ್ಣಿಮೆಗೆ ಹೊರಟವರ ಎತ್ತು ದಾರಿಯಲ್ಲಿ ಕಾಲು ಉಳುಕಿಸಿಕೊಂಡಿತು. ದೇವರ ದರ್ಶನ ತಪ್ಪಿದ ಸಿಟ್ಟಿನಲ್ಲಿ ನಿಂಬೆವ್ವ ಮಗನನ್ನು ಚಕ್ಕಡಿಯ ಹತ್ತಿರ ಬಿಟ್ಟು ನಡೆದೇ ಊರಿಗೆ ಬಂದಳು. ಓಣಿಗೆ ಕಾಲಿಡುವಾಗ ಬೆಳಕು ಹರಿಯುತ್ತಿತ್ತು. ತನ್ನ ಮನೆಯ ಕಲ್ಲಿನ ಸಪ್ಪಳ ಅವಳಿಗೆ ಅಲ್ಲಿಂದಲೇ ಕೇಳಿತು; ಬೀಸುವ ಕೋಣೆಯ ಬೆಳಕಿಂಡಿ ಓಣಿಯ ಕಡೆಗೇ ಇದ್ದುದರಿಂದ ಒಳಗೆ ಕಾಳಿಲ್ಲ ಎಂಬುದೂ ಕೇಳಿತು.

ಬಾಗಿಲ ಅಗಳಿ ಸರಿದ ಸದ್ದಿಗೆ ಗುರಮ್ಮ ಪುಸ್ತಕವನ್ನು ಬುಟ್ಟಿಯ ಜೋಳದೊಳಗೆ ತುರುಕಿ ಒಲೆಯ ಮುಂದೆ ಹೋಗಿ ಊದುಗೊಳವೆ ಹಿಡಿದಳು. ಸಾಬವ್ವನಿಗೆ ಏಳಲು ಹೊತ್ತು ಸಿಗಲಿಲ್ಲ. ನಿಂಬೆವ್ವ ಒಳಗೆ ಬಂದಾಗ ಅವಳು ಒಬ್ಬಳೇ ಬರಿಗಲ್ಲಿನ ಮುಂದೆ ಕೂತಿದ್ದಳು.

"ಮನಿ ಹಾಳ ಮಾಡಾಕ ಕುಂತೀಯೇನ್ ಬೇ?"

"ನಾ ಅಲ್ರಿ ಅತ್ತಿ. ಯಕ್ಕ ಓದತಾಳ್ರಿ, ತಿರುವು ಅಂತಾಳ್ರಿ."

"ಓದತಾಳ?" ನಿಂಬೆವ್ವ ಒಲೆಯ ಕಡೆ ತಿರುಗಿದಳು. "ಏನಲೇ ಗುರಿ, ಓದಾಕತ್ತೀ ಏನ್?"

ಗುರಮ್ಮ ಊದುಗೊಳವೆ ಕೆಳಗಿಟ್ಟಳು. "ಏನ್ ಓದಲ್ರಿ ಅತ್ತಿ? ಓದೋದು ನೀವು ಸುಟ್ಟು ಅದೆಷ್ಟ ವರ್ಷ ಆತು. ನಾ ಒಲಿ ಮುಂದ ಇದ್ದೆ."

ನಿಂಬೆವ್ವ ಪೆಟ್ಟಿಗೆ ತೆರೆದು ನೋಡಿದಳು, ಹಾಸಿಗೆ ಝಾಡಿಸಿ ನೋಡಿದಳು, ಗುರಮ್ಮನ ಸೀರೆಯ ನೆರಿಗೆ ಬಿಚ್ಚಿಸಿಯೂ ನೋಡಿದಳು. ಬುಟ್ಟಿಯ ಕಾಳಿನಲ್ಲಿ ಕೈ ಹಾಕಲಿಲ್ಲ. ಏನೂ ಸಿಗದಾಗ ಬೀಸುಕಲ್ಲಿನ ಗೂಟ ಕಿತ್ತುಕೊಂಡಳು. ಸುಳ್ಳು ಹೇಳಿದ್ದಕ್ಕೆ ಒಂದು, ಹಿರಿಯಳ ಮೇಲೆ ಹಾಕಿದ್ದಕ್ಕೆ ಒಂದು, ಬರಿಗಲ್ಲಿಗೆ ಒಂದು ಎಂದು ಹೇಳಿ ಹೇಳಿ ಹೊಡೆದಳು. ಕೊನೆಯದು ಎಡ ಕಿವಿಯ ಮೇಲೆ ಬಿತ್ತು. ಕಿವಿಯಿಂದ ನೆತ್ತರು ಇಳಿದು ಕುತ್ತಿಗೆಗೆ ಹರಿಯಿತು. ಸಾಬವ್ವನಿಗೆ ಆ ಕಿವಿ ಮತ್ತೆ ಕೇಳಲಿಲ್ಲ.

ಇಲ್ಲಿಗೆ ಯಾರಾದರೂ ಓದು ಬಿಟ್ಟಾರು. ಗುರಮ್ಮ ಬಿಡಲಿಲ್ಲ. ಸಾಬವ್ವ ಮತ್ತೆ ಗೂಟ ಹಿಡಿಯುವಷ್ಟು ಸುಧಾರಿಸಿದ ಕೂಡಲೇ ಬುಟ್ಟಿಯ ತಳದಿಂದ ಪುಸ್ತಕ ಮೇಲೆ ಬಂತು.

"ಇನ್ನೂ ಓದತೀ?" ಎಂದು ಸಾಬವ್ವ ಕೇಳಿದಳು.

"ನಿನ್ನ ಮಾತು ಯಾರ ನಂಬ್ಯಾರ ಈಗ? ತಿರುವು. ಬರಿಗಲ್ಲು ಬ್ಯಾಡ, ಕಾಳಿದ್ದಷ್ಟೇ ತಿರುವು."

ಅಷ್ಟು ರಿಯಾಯಿತಿ. ಸಾಬವ್ವ ತಿರುವಿದಳು.

ಆ ಬೇಸಿಗೆಯಲ್ಲೇ ಅದೇ ಓಣಿಯ ಒಬ್ಬ ಸೊಸೆ ಬಾವಿಯಲ್ಲಿ ಸಿಕ್ಕಿದ್ದಳು. ನಾಲ್ಕು ಜನ ಹಿರಿಯರು ಬಂದು ನೋಡಿ ಕಾಲು ಜಾರಿದೆ ಎಂದರು. ಹೆಣದ ಕೊರಳಲ್ಲಿ ಬೆರಳಿನ ಗುರುತುಗಳಿದ್ದವು. ಅದನ್ನು ಎಲ್ಲರೂ ಕಂಡರು, ಮತ್ತೊಮ್ಮೆ ಕಾಲು ಜಾರಿದೆ ಎಂದರು.

ಅಮಾವಾಸ್ಯೆಯ ದಿನ ಬೀಸುವುದಿಲ್ಲ. ಮೇಲಿನ ಕಲ್ಲನ್ನು ಇಬ್ಬರೂ ಸೇರಿ ಎತ್ತಿ ಓರೆಯಾಗಿ ನಿಲ್ಲಿಸಬೇಕು, ಒಬ್ಬಳು ಹಿಡಿದುಕೊಂಡಿರಬೇಕು, ಇನ್ನೊಬ್ಬಳು ಕೈ ಒಳಗೆ ಹಾಕಿ ಸಂದಿನ ಹಿಟ್ಟು ಗುಡಿಸಬೇಕು. ಅಂಥ ಒಂದು ಅಮಾವಾಸ್ಯೆ, ಹೊತ್ತು ಏರಿತ್ತು. ಅಂಗಳದಲ್ಲಿ ಗಂಡಸರು ಎತ್ತುಗಳ ಮೈ ತೊಳೆಯುತ್ತಿದ್ದರು. ಸಾಬವ್ವ ಕಲ್ಲು ಹಿಡಿದಿದ್ದಳು. ಗುರಮ್ಮ ಬಲಗೈ ಒಳಗೆ ಹಾಕಿದಳು. ಸಾಬವ್ವ ಅವಳ ಮುಖ ನೋಡಿದಳು, ಕಲ್ಲು ಬಿಟ್ಟಳು.

ಮೂಳೆ ಮುರಿದ ಸದ್ದು ತನ್ನ ಒಂದೇ ಕಿವಿಗೂ ಚೆನ್ನಾಗಿ ಕೇಳಿತು ಎಂದು ಸಾಬವ್ವ ಹೇಳಿದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಪಶ್ಚಾತ್ತಾಪವೇನೂ ಇರಲಿಲ್ಲ.

ಗುರಮ್ಮನ ಚೀರಾಟಕ್ಕೆ ಎಲ್ಲರೂ ಓಡಿ ಬಂದರು. ಧರ್ಮಣ್ಣ ಕಲ್ಲು ಎತ್ತಿದ. ಬೆರಳುಗಳು ಹಿಟ್ಟಿನಲ್ಲಿ ಅಪ್ಪಚ್ಚಿಯಾಗಿ ಅಂಟಿಕೊಂಡಿದ್ದವು. ನಿಂಬೆವ್ವ ಹಳೆಯ ಧೋತರ ಹರಿದು ಸುತ್ತಿದಳು. ಬೀರಣ್ಣ ಹೆಂಡತಿಯ ಮುಂದೆ ಬಂದು ನಿಂತ.

"ಕೈ ಜಾರಿತೇನು?"

"ಇಲ್ಲ. ಬಿಟ್ಟೆ."

"ಏನಂದಿ?"

"ಬೇಕಂತ ಬಿಟ್ಟೆ."

ಬೀರಣ್ಣ ಅವಳ ತುರುಬಿಗೆ ಕೈ ಹಾಕಿದ. ಹೊಡೆಯಲಿಲ್ಲ. ಅವನು ಹೊಡೆಯದೇ ಇದ್ದುದರಿಂದಲೇ ಎಲ್ಲರಿಗೂ ತಿಳಿಯಿತು. ಹಿತ್ತಲ ಬಾಗಿಲ ಕಡೆ ಎಳೆದುಕೊಂಡು ನಡೆದ. ಹಿತ್ತಲಲ್ಲಿ ಬಾವಿ ಇತ್ತು. ಸಾಬವ್ವ ಹೊಸ್ತಿಲಿಗೆ ಕಾಲು ಒತ್ತಿ ನಿಂತಳು, ಅವನು ಆ ಕಾಲಿನ ಮೇಲೆ ತುಳಿದ.

"ಯವ್ವಾ, ಬ್ಯಾಡ ಅನ್ನು ಅವನಿಗೆ" ಎಂದ ಧರ್ಮಣ್ಣ.

"ನಿನ್ನ ಹೇಣ್ತಿ ಕೈ ಅಲ್ಲೇನ್ ಅದು? ನೀನೇ ಅನ್ನು."

ಧರ್ಮಣ್ಣ ಅಂಗಳಕ್ಕೆ ಇಳಿದ. ಎತ್ತಿನ ಕಡೆ ಹೋದ. ನಿಂಬೆವ್ವ ಮಗನ ಹಿಂದೆ ಹಿತ್ತಲಿಗೆ ನಡೆದಳು.

ಗುರಮ್ಮ ಕಲ್ಲಿನ ಪಕ್ಕದಲ್ಲಿ ಒಬ್ಬಳೇ ಉಳಿದಳು. ಅವಳ ಸ್ಥಿತಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಸುಮ್ಮನೆ ಕೂತಿದ್ದರೆ ಅವಳಿಗೆ ಯಾವ ನಷ್ಟವೂ ಇರಲಿಲ್ಲ. ಪುಸ್ತಕದ ಗುಟ್ಟು ಬಲ್ಲವಳು ಸಾಬವ್ವ ಒಬ್ಬಳೇ, ಅವಳು ಸ್ವಲ್ಪ ಹೊತ್ತಿನಲ್ಲಿ ಇರುವುದಿಲ್ಲ. ಮುರಿದ ಕೈಯವಳನ್ನು ಯಾರೂ ಬೀಸಲು ಕೂಡಿಸುವುದಿಲ್ಲ, ಹೊಲಕ್ಕೂ ಕಳಿಸುವುದಿಲ್ಲ. ಜೋಳ ಕಾಯಲು, ಮನೆ ಕಾಯಲು ಎಂದು ಹಗಲೆಲ್ಲ ಒಬ್ಬಳನ್ನೇ ಬಿಟ್ಟು ಹೋಗುತ್ತಾರೆ. ಮದುವೆಯಾದಂದಿನಿಂದ ಅವಳು ಹುಡುಕಿದ ಹೊತ್ತು, ಬೆಳಕಿರುವ ಹೊತ್ತು, ಆ ಗಳಿಗೆಯಲ್ಲಿ ತಾನಾಗಿ ಅವಳ ಮಡಿಲಿಗೆ ಬಂದು ಬಿದ್ದಿತ್ತು. ಇದು ನನ್ನ ಊಹೆಯಲ್ಲ. ಅದು ಆಗಲೇ ತನ್ನ ತಲೆಗೆ ಹೊಳೆದಿತ್ತು ಎಂದು ಗುರಮ್ಮ ತಾನೇ ಒಪ್ಪಿಕೊಂಡಳು, ಕೇಳಿದ್ದಕ್ಕಿಂತ ಹೆಚ್ಚು ಏನನ್ನೂ ಹೇಳಲಿಲ್ಲ.

ಹಿತ್ತಲಲ್ಲಿ ಸಾಬವ್ವ ಬಾವಿಯ ಕಟ್ಟೆಗೆ ಎರಡೂ ತೋಳು ಸುತ್ತಿ ಹಿಡಿದಿದ್ದಳು. ಬೀರಣ್ಣ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ನಿಂಬೆವ್ವ ಓಣಿಯ ಕಡೆ ಯಾರಾದರೂ ಬರುತ್ತಾರೋ ಎಂದು ನೋಡುತ್ತ ನಿಂತಿದ್ದಳು. ಆಗ ಗುರಮ್ಮ ಹಿತ್ತಲ ಬಾಗಿಲಿಗೆ ಬಂದಳು. ಬಲಗೈಯ ಬಟ್ಟೆಯಿಂದ ನೆತ್ತರು ತೊಟ್ಟಿಕ್ಕುತ್ತಿತ್ತು. ಎಡಗೈಯಲ್ಲಿ ಪುಸ್ತಕವಿತ್ತು, ಅದರ ಸಂದಿಯಿಂದ ಜೋಳದ ಕಾಳು ಉದುರುತ್ತಿದ್ದವು. ಯಾರೂ ಏನೂ ಕೇಳುವ ಮೊದಲೇ ಅವಳು ನೇರ ಬಾವಿಯ ಹತ್ತಿರ ನಡೆದು, "ಸಾಬಿ ಅಂದದ್ದು ಖರೇ ಅದರಿ ಅತ್ತಿ, ಓದತಿದ್ದಾಕಿ ನಾನ" ಎಂದಳು. ಓದುತ್ತಿದ್ದ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಮಡಚಿ, ಪುಸ್ತಕ ಮುಚ್ಚಿ, ಕಟ್ಟೆಯ ಮೇಲೆ ನಿಂಬೆವ್ವನ ಕೈಗೆ ನಿಲುಕುವಲ್ಲಿ ಇಟ್ಟಳು.